ಉತ್ಸಾಹ ಮೊದಲೋ, ಅಭ್ಯಾಸ ಮೊದಲೋ?

ಕಳೆದ ವರ್ಷ ಶ್ರಾವಣದ ಒಂದು ರಾತ್ರಿ ಶ್ರೀಮಠದ ಪ್ರಸಾದನಿಲಯದ ವಿದ್ಯಾರ್ಥಿಯೊಬ್ಬನು ನಮ್ಮ ಬಳಿಗೆ ಬಂದು ನಿಂತನು. ಪದವಿ ತರಗತಿಯ ಹುಡುಗ. ನಸುಕಿನಲ್ಲಿ ಮನೆಮನೆಗೆ ಪತ್ರಿಕೆ ಹಂಚಿ, ಹಗಲು ಕಾಲೇಜಿಗೆ ಹೋಗಿ, ಸಂಜೆ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಊರಿನ ತಾಯಿಗೆ ಹಣ ಕಳುಹಿಸುವವನು. “ಬುದ್ಧಿ, ಪುಸ್ತಕ ಹಿಡಿದರೆ ಓದುವ ಮನಸ್ಸೇ ಬರುವುದಿಲ್ಲ. ಉತ್ಸಾಹ ಬರಲೆಂದು ಕಾಯುತ್ತೇನೆ. ಅಷ್ಟರಲ್ಲಿ ರಾತ್ರಿ ಕಳೆದುಹೋಗುತ್ತದೆ. ನಾನು ಸೋಮಾರಿಯೇ?” ಎಂದು ಕೇಳಿದನು.

“ಛಲವಿದ್ದರೆ ಎಲ್ಲವೂ ಆಗುತ್ತದೆ, ಮಗು” ಎಂದು ವಾಡಿಕೆಯ ಮಾತನ್ನು ಹೇಳಿ ಕಳುಹಿಸಿದೆವು. ಆ ಮಾತು ಆಮೇಲೆ ನಮ್ಮನ್ನೇ ಚುಚ್ಚಿತು. ದಿನವಿಡೀ ದುಡಿಯುವವನಲ್ಲಿ ಛಲದ ಕೊರತೆ ಎಲ್ಲಿತ್ತು? ಆಯಾಸವನ್ನು ಆಲಸ್ಯವೆಂದು ಕರೆಯುವುದು ತಪ್ಪು ಮಾತ್ರವಲ್ಲ, ಅದು ಅನ್ಯಾಯವೂ ಹೌದು. ಆಲಸ್ಯವು ಶಕ್ತಿಯಿದ್ದೂ ಮಾಡದಿರುವುದು. ಆಯಾಸವು ಮಾಡಿ ಮಾಡಿ ಶಕ್ತಿ ಕುಂದಿರುವುದು. ಮೊದಲನೆಯದಕ್ಕೆ ಎಚ್ಚರಿಕೆ ಬೇಕು. ಎರಡನೆಯದಕ್ಕೆ ವಿಶ್ರಾಂತಿ ಮತ್ತು ವ್ಯವಸ್ಥೆ ಬೇಕು.

ಆದರೂ ಹುಡುಗನ ಮಾತಿನಲ್ಲಿ ಪರಿಶೀಲಿಸಬೇಕಾದ ಒಂದು ನಂಬಿಕೆ ಅಡಗಿತ್ತು. ಉತ್ಸಾಹವು ಮೊದಲು ಬರಬೇಕು, ಓದು ಅದರ ಹಿಂದೆ ನಡೆಯಬೇಕು ಎಂಬುದೇ ಆ ನಂಬಿಕೆ. ಇದು ನಿಜವೇ? ನ್ಯಾಯವಾದ ಕಾರ್ಯಗಳನ್ನು ಮಾಡುತ್ತಲೇ ಮನುಷ್ಯನು ನ್ಯಾಯವಂತನಾಗುತ್ತಾನೆ, ಮನೆ ಕಟ್ಟುತ್ತಲೇ ಶಿಲ್ಪಿಯಾಗುತ್ತಾನೆ ಎಂಬುದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ನಿಲುವು. ನಮ್ಮ ಪತಂಜಲಿಯೂ ಮನೋನಿಗ್ರಹಕ್ಕೆ ಅಭ್ಯಾಸ, ವೈರಾಗ್ಯಗಳೆಂಬ ಎರಡು ಸಾಧನಗಳನ್ನು ಹೇಳಿ, ಅಭ್ಯಾಸವು ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆದಾಗಲೇ ಬೇರೂರುತ್ತದೆ ಎನ್ನುತ್ತಾನೆ. ಇಲ್ಲೆಲ್ಲಾ ಮನಸ್ಸು ಸಿದ್ಧವಾಗುವವರೆಗೆ ಕಾಯಬೇಕೆಂಬ ಮಾತಿಲ್ಲ. ಕೆಲಸವೇ ಮನಸ್ಸನ್ನು ಸಿದ್ಧಗೊಳಿಸುತ್ತದೆ. ಹಸಿವಿಲ್ಲದೆ ಕುಳಿತವನಿಗೂ ಮೊದಲ ತುತ್ತಿನ ರುಚಿ ಎರಡನೆಯ ತುತ್ತನ್ನು ಬೇಡುವುದಿಲ್ಲವೇ? ಉತ್ಸಾಹವು ಬಹುಮಟ್ಟಿಗೆ ಅಭ್ಯಾಸದ ಫಲ. ಫಲವನ್ನು ಬೀಜವೆಂದು ತಿಳಿದು ಕಾದವನ ಹೊಲ ಬೀಳಾಗುತ್ತದೆ.

‘ಎಡೆಬಿಡದೆ’ ಎಂದರೆ ಹಗಲಿರುಳೂ ಎಂದಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ಮರೆವಿನ ಗತಿಯನ್ನು ಅಳೆದು 1885ರಲ್ಲಿ ಪ್ರಕಟಿಸಿದನು. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಬಹಳಷ್ಟು ಜಾರುತ್ತದೆ. ಒಂದೇ ಸಲ ಕುಳಿತು ಉರುಹೊಡೆಯುವುದಕ್ಕಿಂತ ಹಲವು ದಿನಗಳಲ್ಲಿ ಹಂಚಿಕೊಂಡ ಪುನರಾವರ್ತನೆ ಹೆಚ್ಚು ನಿಲ್ಲುತ್ತದೆ ಎಂಬುದು ಅವನು ಕಂಡ ಸತ್ಯ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಸಂಶೋಧಕರು ಇನ್ನೊಂದನ್ನು ತೋರಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು; ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರ ಮುಂದಾದರು. ಗುರುವಿನ ಮುಂದೆ ಪಾಠ ಒಪ್ಪಿಸುತ್ತಿದ್ದ ಹಿಂದಿನ ಪದ್ಧತಿಯ ಬೆಲೆ ಇದರಿಂದ ತಿಳಿಯುತ್ತದೆ. ಒಪ್ಪಿಸುವುದು ಶಿಕ್ಷೆಯಲ್ಲ, ಅದೇ ಕಲಿಕೆ.

ಮರುವಾರ ಆ ಹುಡುಗನನ್ನು ಕರೆಸಿದೆವು. ಕಾಲೇಜು ಬಿಟ್ಟು ಅಂಗಡಿಗೆ ಹೋಗುವ ನಡುವೆ ಅವನಿಗೆ ಅರ್ಧ ಗಂಟೆ ಸಿಗುತ್ತಿತ್ತು. ಆ ಹೊತ್ತು ಮೊಬೈಲು ಚೀಲದೊಳಗಿರಲಿ, ಗ್ರಂಥಾಲಯದ ಒಂದೇ ಜಾಗದಲ್ಲಿ ಕುಳಿತು, ಮನಸ್ಸು ಬರಲಿ ಬಿಡಲಿ, ಪುಸ್ತಕ ತೆರೆ ಎಂದೆವು. ರಾತ್ರಿ ಹತ್ತು ನಿಮಿಷ ಅದನ್ನು ಕೊಠಡಿಯ ಗೆಳೆಯನಿಗೆ ಒಪ್ಪಿಸಿ ಮಲಗಿಬಿಡು. ನಿದ್ರೆಯನ್ನು ಕದ್ದು ಓದಬೇಡ ಎಂದೆವು. ಒಂದು ದಿನ ತಪ್ಪಿದರೆ ಪಶ್ಚಾತ್ತಾಪದಲ್ಲಿ ಇನ್ನೊಂದು ದಿನ ಕಳೆಯಬೇಡ ಎಂದೂ ಹೇಳಿದೆವು. ಅವನು ಮೊದಲ ದರ್ಜೆಯಲ್ಲಿ ಬಂದನೆಂದು ಬರೆದರೆ ಸುಳ್ಳಾದೀತು. ತೇರ್ಗಡೆಯಾದನು, ಹಿಂದೆ ಉಳಿದಿದ್ದ ಒಂದು ವಿಷಯವನ್ನೂ ಮುಗಿಸಿಕೊಂಡನು. “ಈಗ ಕುಳಿತ ಮೇಲೆ ಮನಸ್ಸು ಬರುತ್ತದೆ, ಬುದ್ಧಿ” ಎಂದನು. ನಮಗೆ ಅಷ್ಟು ಸಾಕು.

ಇನ್ನು ಹಿರಿಯರಾದ ನಿಮಗೆ ಒಂದು ಮಾತು. ಎಲ್ಲ ಮಕ್ಕಳಿಗೂ ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ ಎನ್ನುವುದು ಲೆಕ್ಕಕ್ಕೆ ಸರಿ, ನ್ಯಾಯಕ್ಕೆ ಸರಿಯಲ್ಲ. ದುಡಿದು ಓದುವವನ ಗಂಟೆ ಬೇರೆ, ಬಿಡುವುಳ್ಳವನ ಗಂಟೆ ಬೇರೆ. ಉಪದೇಶ ಕೊಡುವ ಮೊದಲು ಅವನ ಹೊರೆಯನ್ನು ಕೇಳಿ ತಿಳಿಯೋಣ. ಪ್ರಸಾದನಿಲಯದ ಅನ್ನವುಂಡು ಓದಿದ ಹಳೆಯ ವಿದ್ಯಾರ್ಥಿಗಳು ಹಣವನ್ನೇ ಕೊಡಬೇಕೆಂದಿಲ್ಲ; ವಾರಕ್ಕೊಂದು ಸಂಜೆ ಬಂದು ಒಬ್ಬ ಹುಡುಗನ ಪಾಠ ಒಪ್ಪಿಸಿಕೊಂಡರೆ ಅದೂ ದಾಸೋಹವೇ. ವಿದ್ಯಾರ್ಥಿಗೆ ಓದು ಕಾಯಕವಾಗಲಿ; ಅವನ ಕಾಯಕಕ್ಕೆ ಬಿಡುವು ಮಾಡಿಕೊಡುವುದು ನಮ್ಮ ಕಾಯಕವಾಗಲಿ.