ಒಂದು ಚಿತ್ರ ಎಷ್ಟು ಸತ್ಯ?

ಕೊಲೆ ಮೊಕದ್ದಮೆಯೊಂದರ ಮೇಲೆ ಕಟ್ಟಿದ ಪಾಶ್ಚಾತ್ಯ ಸಂಗೀತ ಕೃತಿಯನ್ನು ಕೇಳುತ್ತಾ ಜೈನ ತರ್ಕದ ನಯ–ದುರ್ನಯ ಭೇದ ನನಗೆ ಮನದಟ್ಟಾಯಿತು ಎಂದರೆ ನಮ್ಮ ಬಸದಿಯ ಹಿರಿಯರು ಹುಬ್ಬೇರಿಸಬಹುದು. ಆದದ್ದು ಮಾತ್ರ ಹಾಗೆಯೇ. ನಾನು ಮೃದಂಗ ಕಲಿಸುವವಳು. ಶಾಸ್ತ್ರವನ್ನು ತಂದೆಯವರ ಬಾಯಿಂದ ಕೇಳಿ ಬೆಳೆದವಳು. ಕೇಳಿದ್ದು ಅನುಭವಕ್ಕೆ ಬಂದದ್ದು ಈ ಕೃತಿಯಿಂದ.

ಅದು ಅಮೆರಿಕದ ಫಿಲಿಪ್ ಗ್ಲಾಸ್ ಅವರ ‘ದಿ ಫೋಟೋಗ್ರಾಫರ್’. ಹಾಲೆಂಡ್ ಉತ್ಸವಕ್ಕಾಗಿ ರಚಿಸಿದ್ದು, 1982ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅರಮನೆಯಲ್ಲಿ ಮೊದಲು ಪ್ರದರ್ಶನಗೊಂಡಿತು. ಮೊದಲ ಭಾಗ ನಾಟಕ, ಎರಡನೆಯದು ಕಛೇರಿ, ಮೂರನೆಯದು ನೃತ್ಯ. ಕಥಾನಾಯಕ ವಿಕ್ಟೋರಿಯಾ ಕಾಲದ ಇಂಗ್ಲಿಷ್ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್.

ಮೈಬ್ರಿಜ್ 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಕುದುರೆ ಓಡುವ ಹಾದಿಯ ಬದಿಗೆ 12 ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿದ. ಹಾದಿಗೆ ಅಡ್ಡಲಾಗಿ ಎಳೆಗಳನ್ನು ಕಟ್ಟಿದ. ಕುದುರೆ ಒಂದೊಂದು ಎಳೆಗೆ ತಾಗಿದಂತೆ ಒಂದೊಂದು ಕ್ಯಾಮೆರಾ ಕಣ್ಣು ತೆರೆದು ಮುಚ್ಚಿತು. ಅಲ್ಲಿಯವರೆಗೆ ಚಿತ್ರಕಾರರು ಓಡುವ ಕುದುರೆಯ ಮುಂಗಾಲನ್ನು ಮುಂದಕ್ಕೂ ಹಿಂಗಾಲನ್ನು ಹಿಂದಕ್ಕೂ ಚಾಚಿ, ಗಾಳಿಯಲ್ಲಿ ತೇಲಿಸಿ ಬರೆಯುತ್ತಿದ್ದರು. ನಾಲ್ಕೂ ಕಾಲು ನೆಲ ಬಿಡುವುದು ನಿಜವೇ. ಆದರೆ ಅದು ಕಾಲುಗಳು ಹೊಟ್ಟೆಯಡಿಗೆ ಮಡಚಿಕೊಂಡಾಗ. ಯಾರ ಕಣ್ಣಿಗೂ ನಿಲುಕದ ಕ್ಷಣ ಗಾಜಿನ ಮೇಲೆ ನಿಂತಿತು.

ಈ ಒಂದೊಂದು ಚಿತ್ರವೂ ನಮ್ಮ ಶಾಸ್ತ್ರದ ಮಾತಿನಲ್ಲಿ ಪರ್ಯಾಯ, ಅಂದರೆ ಬದಲಾಗುತ್ತಾ ಹೋಗುವ ಸ್ಥಿತಿ; ಕುದುರೆ ದ್ರವ್ಯ, ಅಂದರೆ ಆ ಸ್ಥಿತಿಗಳಲ್ಲೆಲ್ಲ ಉಳಿಯುವ ವಸ್ತು. ಹುಟ್ಟು, ಅಳಿವು, ಉಳಿವು ಮೂರೂ ಕೂಡಿದ್ದೇ ಸತ್, ಅಂದರೆ ಇರುವಿಕೆ, ಎನ್ನುತ್ತದೆ ತತ್ತ್ವಾರ್ಥಸೂತ್ರ. ಒಂದು ಮಗ್ಗುಲಿನಿಂದ ನೋಡಿ, ಉಳಿದ ಮಗ್ಗುಲುಗಳನ್ನು ಅಲ್ಲಗಳೆಯದೆ ಹೇಳಿದರೆ ಅದು ನಯ. ಇಷ್ಟೇ ಸತ್ಯ, ಬೇರೆಯಿಲ್ಲ ಎಂದು ಹಟ ಹಿಡಿದರೆ ದುರ್ನಯ. ಹಾಗೆ ನೋಡಿದರೆ ಪ್ರತಿಯೊಂದು ಛಾಯಾಚಿತ್ರವೂ ಒಂದು ನಯ. ಅದು ಸುಳ್ಳಲ್ಲ, ಪೂರ್ತಿಯೂ ಅಲ್ಲ.

ಇದನ್ನು ಮರೆತರೆ ಏನಾದೀತು ಎಂಬುದಕ್ಕೆ ಮೈಬ್ರಿಜ್‌ನ ಬಾಳೇ ಸಾಕ್ಷಿ. 1874ರ ಅಕ್ಟೋಬರಿನಲ್ಲಿ ತನ್ನ ಕೂಸಿನ ಫೋಟೋ ಒಂದರ ಹಿಂಬದಿಯಲ್ಲಿ ಹೆಂಡತಿ ಫ್ಲೋರಾಳ ಕೈಬರಹವನ್ನು ಅವನು ಕಂಡ. ಅಲ್ಲಿದ್ದದ್ದು ಅವಳ ಗೆಳೆಯ ಹ್ಯಾರಿ ಲಾರ್ಕಿನ್ಸ್‌ನ ಹೆಸರು. ಮಗು ತನ್ನದಲ್ಲ ಎಂದು ಅಲ್ಲೇ ತೀರ್ಮಾನಿಸಿ, ಲಾರ್ಕಿನ್ಸ್ ಇದ್ದಲ್ಲಿಗೆ ಹೋಗಿ ಗುಂಡಿಕ್ಕಿ ಕೊಂದ. 1875ರ ಫೆಬ್ರುವರಿಯಲ್ಲಿ ವಿಚಾರಣೆ ನಡೆಯಿತು. ಹಿಂದೊಮ್ಮೆ ಕುದುರೆಬಂಡಿ ಉರುಳಿ ತಲೆಗೆ ಪೆಟ್ಟಾಗಿದ್ದರಿಂದ ಬುದ್ಧಿ ಕೆಟ್ಟಿತ್ತೆಂದು ವಕೀಲರು ವಾದಿಸಿದರು. ತೀರ್ಪುಗಾರರು ಅದನ್ನು ಒಪ್ಪಲಿಲ್ಲ. ಗಂಡನಾದವನು ಮಾಡಿದ್ದು ಸರಿಯೆಂದು ಬಿಟ್ಟುಬಿಟ್ಟರು. ಅದೇ ವರ್ಷ ಫ್ಲೋರಾ ತೀರಿಕೊಂಡಳು. ಮಗು ಅನಾಥಾಲಯ ಸೇರಿತು.

12ನೇ ಶತಮಾನದ ಜೈನ ಆಚಾರ್ಯ ಹೇಮಚಂದ್ರರು ಬೌದ್ಧರ ಕ್ಷಣಿಕವಾದದ ವಿರುದ್ಧ ಎತ್ತಿದ ಆಕ್ಷೇಪ ನನಗೆ ನೆನಪಾಗುವುದು ಇಲ್ಲಿ. ಎಲ್ಲವೂ ಕ್ಷಣಕ್ಷಣಕ್ಕೆ ಹೊಸತಾದರೆ ಮಾಡಿದವನಿಗೆ ಫಲ ತಪ್ಪುತ್ತದೆ, ಮಾಡದವನು ಅದನ್ನು ಉಣ್ಣಬೇಕಾಗುತ್ತದೆ ಎಂದರು ಅವರು. ಬೌದ್ಧರು ಇದಕ್ಕೆ ಸಂತಾನ, ಅಂದರೆ ಕ್ಷಣಗಳ ಎಡೆಬಿಡದ ಹರಿವು, ಎಂಬ ಉತ್ತರ ಕೊಟ್ಟರು. ಹರಿವನ್ನು ಒಪ್ಪದೆ ಹೊಣೆಯ ಮಾತಾಡಲು ಇಬ್ಬರಿಗೂ ಸಾಧ್ಯವಿಲ್ಲ. ಆ ನ್ಯಾಯಾಲಯದಲ್ಲಿ ನಡೆದದ್ದಾದರೂ ಆಚಾರ್ಯರು ಹೆದರಿದ್ದೇ: ಕೊಂದವನು ಕ್ಯಾಮೆರಾ ಹೊತ್ತು ಮಧ್ಯ ಅಮೆರಿಕಕ್ಕೆ ಹೊರಟ, ಏನೂ ಮಾಡದ ಕೂಸು ಅನುಭವಿಸಿತು.

ಗ್ಲಾಸ್ ಅವರ ಸಂಗೀತ ಕ್ಷಣ ಮತ್ತು ಹರಿವಿನ ಈ ಪ್ರಶ್ನೆಯನ್ನು ಕಿವಿಗೆ ತರುತ್ತದೆ. 1960ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ರವಿಶಂಕರರ ಚಲನಚಿತ್ರ ಸಂಗೀತವನ್ನು ಬರೆದಿಳಿಸುವ ಕೆಲಸದಲ್ಲಿ ತಬಲಾ ವಾದಕ ಅಲ್ಲಾರಖಾ ಅವರಿಂದ ಲಯದ ಮರ್ಮ ಅರಿತವರು ಅವರು. ಸಣ್ಣ ಘಟಕವನ್ನು ಮತ್ತೆಮತ್ತೆ ನುಡಿಸಿ, ಒಂದೆರಡು ಅಕ್ಷರ ಕೂಡಿಸುತ್ತಾ ಕಳೆಯುತ್ತಾ ಹೋಗುವುದು ಅವರ ಕ್ರಮ. ನಾನು ಮಕ್ಕಳಿಗೆ ಸಾಲಿನಿಂದ ಸಾಲಿಗೆ ಬೆಳೆಯುವ ಸ್ರೋತೋವಹ ಯತಿಯನ್ನು ಹೀಗೆಯೇ ಬಾಯಲ್ಲಿ ಹೇಳಿಸುತ್ತೇನೆ: ತ, ತಕ, ತಕಿಟ, ತಕಧಿಮಿ. ಕೊನೆಯದನ್ನಷ್ಟೇ ಕಿತ್ತು ನುಡಿಸಿದರೆ ಅದು ಬರೀ ನಾಲ್ಕಕ್ಷರ. ಹಿಂದಿನ ಮೂರು ಸಾಲು ಕೇಳಿದ ಕಿವಿಗೆ ಮಾತ್ರ ಅದು ಬೆಳೆದು ಬಂದದ್ದು.

‘ದಿ ಫೋಟೋಗ್ರಾಫರ್’ನ ಮೊದಲ ಭಾಗದಲ್ಲಿ ಮೊಕದ್ದಮೆಯ ದಾಖಲೆಯಿಂದಲೂ ಮೈಬ್ರಿಜ್‌ನ ಪತ್ರಗಳಿಂದಲೂ ಆಯ್ದ ಮಾತುಗಳ ಹಾಡೊಂದಿದೆ. ಎರಡನೆಯ ಭಾಗದಲ್ಲಿ ಅವನ ಚಿತ್ರಗಳು ಪರದೆಯ ಮೇಲೆ ಒಂದೊಂದಾಗಿ ಬೀಳುವಾಗ ಅದೇ ಹಾಡು ಮರಳುತ್ತದೆ. ಚಿತ್ರ ಅಲುಗದು, ನಾದ ನಿಲ್ಲದು. ಮೊದಲ ಸಲ ಗಂಡಸಿನ ಮಾನದ ಮಾತಾಗಿ ಕೇಳಿದ್ದು ಎರಡನೆಯ ಸಲ ನನಗೆ ಸತ್ತವನ, ಫ್ಲೋರಾಳ, ಕೂಸಿನ ಪಾಲನ್ನೂ ಹೊತ್ತು ಬಂತು. ಸ್ವರ ಅದೇ, ಕೇಳಿದ ನಾನು ಅಷ್ಟರಲ್ಲಿ ಮುಂದೆ ಬಂದಿದ್ದೆ. ಪರ್ಯಾಯ ಬದಲಾಗಿಯೂ ದ್ರವ್ಯ ಉಳಿಯುವುದೆಂದರೆ ಇದೇ.

ಸತ್ಯಕ್ಕೆ ಹಲವು ಮಗ್ಗುಲುಗಳುಂಟು ಎನ್ನುವ ಅನೇಕಾಂತವನ್ನು ನಾನು ಅಹಿಂಸೆಯ ಮೊದಲ ಮೆಟ್ಟಿಲು ಎಂದು ನಂಬುತ್ತೇನೆ. ಇಂದು ಯಾರದೋ ಮೊಬೈಲಿನ ಹತ್ತು ಸೆಕೆಂಡಿನ ದೃಶ್ಯ ನೋಡಿ ಒಬ್ಬ ಮನುಷ್ಯನ ಇಡೀ ಬಾಳಿಗೆ ತೀರ್ಪು ಬರೆಯುತ್ತೇವೆ. ಇದು ದುರ್ನಯವೇ. ಹಾಗೆಂದರೆ ಯಾರನ್ನೂ ಹೊಣೆ ಮಾಡಬಾರದು ಎಂದಲ್ಲ. ಮೈಬ್ರಿಜ್ ಕೊಲೆಗಾರನೇ, ಕುದುರೆಯ ಓಟ ಅದನ್ನು ಅಳಿಸುವುದಿಲ್ಲ. ಹೊಣೆ ಹೊರಿಸಬೇಕಾದರೂ ಹಿಂದುಮುಂದಿನ ಹರಿವನ್ನು ಪೂರ್ತಿ ನೋಡಲೇಬೇಕು. ಹಾಗೆ ನೋಡುವ ತಾಳ್ಮೆ ಇಲ್ಲದವನು ತೀರ್ಪು ಕೊಡಲು ಹೋಗಬಾರದು.