ಎಷ್ಟು ಮೂಳೆ ಸಿಕ್ಕರೆ ಸಾಕು?

ಗಂಡ ತೀರಿಕೊಂಡವಳನ್ನು ಕರೆಯಲು ನಮ್ಮ ಭಾಷೆಯಲ್ಲಿ ಪದವಿದೆ, ಗಂಡ ಕಾಣೆಯಾದವಳಿಗೆ ಇಲ್ಲ. ಅವಳು ಕುಂಕುಮ ಇಡಬೇಕೋ ಬೇಡವೋ ಎಂದು ಊರೇ ಚರ್ಚಿಸುತ್ತದೆ. ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಸತ್ತನೆಂದು ಭಾವಿಸಲು ನಮ್ಮ ಕಾನೂನು ಅವಕಾಶ ಕೊಡುತ್ತದೆ. ಮನಸ್ಸಿಗೆ ಅಂಥ ಗಡುವಿಲ್ಲ. ಬೋಸ್ನಿಯಾದ ಸ್ರೆಬ್ರೆನಿತ್ಸಾ ಬಗ್ಗೆ ಓದುವಾಗಲೆಲ್ಲ ನನಗೆ ಅವಳೇ ನೆನಪಾಗುತ್ತಾಳೆ.

1995ರ ಜುಲೈನಲ್ಲಿ ಬೋಸ್ನಿಯಾದ ಸರ್ಬ್ ಪಡೆಗಳು ಅಲ್ಲಿ ಸುಮಾರು 8,000 ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದವು. ಕೆಲವೇ ತಿಂಗಳಲ್ಲಿ, ಸಾಕ್ಷ್ಯ ಅಳಿಸಲೆಂದು, ಹೂತ ಗುಂಡಿಗಳನ್ನು ಯಂತ್ರಗಳಿಂದ ಅಗೆದು ಹೆಣಗಳನ್ನು ಬೇರೆಡೆಗೆ ಸಾಗಿಸಿದವು. ಹಾಗಾಗಿ ಒಬ್ಬನದೇ ಮೂಳೆಗಳು ದೂರದೂರದ ಎರಡು ಮೂರು ಗುಂಡಿಗಳಲ್ಲಿ ಸಿಕ್ಕವು. 1996ರಲ್ಲಿ ಸ್ಥಾಪನೆಯಾದ ಕಾಣೆಯಾದವರ ಅಂತರರಾಷ್ಟ್ರೀಯ ಆಯೋಗ, ಉಳಿದ ಬಂಧುಗಳ ಬೆರಳಿನಿಂದ ರಕ್ತದ ಹನಿ ಪಡೆದು, ಅದರ ಡಿಎನ್‌ಎಯನ್ನು ಮೂಳೆಯ ಡಿಎನ್‌ಎ ಜೊತೆ ಹೋಲಿಸತೊಡಗಿತು. 2001ರ ಕೊನೆಗೆ ಮೊದಲ ಹೊಂದಿಕೆ ಸಿಕ್ಕಿತು. ಈಗ ಸುಮಾರು 7,000 ಮಂದಿಯ ಗುರುತು ಸಿಕ್ಕಿದೆ.

ಪ್ರಯೋಗಾಲಯದ ಕೆಲಸ ಮುಗಿಯುವಲ್ಲಿ ಕುಟುಂಬದ ಕಷ್ಟ ಶುರುವಾಗುತ್ತದೆ. ಸಿಕ್ಕಿದ್ದು ಒಂದು ತೊಡೆಮೂಳೆ ಮಾತ್ರ ಎಂದುಕೊಳ್ಳಿ. ಈಗಲೇ ಮಣ್ಣು ಮಾಡುವುದೋ, ಮಿಕ್ಕಿದ್ದು ಸಿಗುವವರೆಗೆ ಕಾಯುವುದೋ? ಕೆಲವರು ಇಷ್ಟಾದರೂ ಸಿಕ್ಕಿತಲ್ಲ ಎಂದು, ಪ್ರತಿವರ್ಷ ಜುಲೈ 11ರಂದು ಪೊತೊಚಾರಿಯಲ್ಲಿ ನಡೆಯುವ ಸಾಮೂಹಿಕ ದಫನದಲ್ಲಿ ಮಣ್ಣು ಮಾಡುತ್ತಾರೆ. ಕೆಲವರು ಕಾಯುತ್ತಾರೆ. ಮಣ್ಣಾದ ಮೇಲೆ ಇನ್ನಷ್ಟು ಮೂಳೆ ಸಿಕ್ಕಿ ಗೋರಿಗಳನ್ನು ಮತ್ತೆ ತೆರೆದದ್ದೂ ಇದೆ.

ಸತ್ಯ ಹೇಳುವುದು ಉಪಕಾರವೆಂದೇ ನಾವು ನಂಬಿದ್ದೇವೆ. ಆದರೆ ಬೇಡವೆಂದವರಿಗೂ ಅದನ್ನು ಹೇಳಬಹುದೇ? ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗಿನ ಸೇನಾಡಳಿತ ಸಾವಿರಾರು ಜನರನ್ನು ಕಾಣೆಯಾಗಿಸಿತು. ಪ್ರಜಾಪ್ರಭುತ್ವ ಮರಳಿದ ಮೇಲೆ ಗೋರಿಗಳನ್ನು ಅಗೆಯಲು ಹೊರಟಾಗ, ಪ್ಲಾಸಾ ದೆ ಮಾಯೋದ ತಾಯಂದಿರಲ್ಲಿ ಒಂದು ಬಣ ವಿರೋಧಿಸಿತು. ಮೂಳೆ ಕೈಗೆ ಬಂದರೆ ಲೆಕ್ಕ ಚುಕ್ತಾ ಆದಂತೆ, ಕೊಂದವರನ್ನು ಆಮೇಲೆ ಯಾರೂ ಕೇಳುವುದಿಲ್ಲ ಎಂಬುದು ಅವರ ವಾದವಾಗಿತ್ತು. ಇದನ್ನು ಬರೀ ದುಃಖದ ಹಟ ಎಂದು ತಳ್ಳಿಹಾಕಲು ನನಗೆ ಆಗುವುದಿಲ್ಲ.

ಆದರೂ ಒಂದು ತೊಡಕಿದೆ. ಡಿಎನ್‌ಎಗೆ ಮೊದಲು ಬೋಸ್ನಿಯಾದಲ್ಲಿ ಬಟ್ಟೆ, ಹಲ್ಲು, ಜೇಬಿನ ವಸ್ತು ನೋಡಿ ಗುರುತು ಹಿಡಿಯುತ್ತಿದ್ದರು. ಕೆಲವು ತಪ್ಪಾದವು. ಒಂದು ಮನೆಯವರು ಬೇರೆಯವರ ಮಗನನ್ನು ತಮ್ಮವನೆಂದು ಹೂತಿದ್ದರೆ, ಇನ್ನೊಂದು ಮನೆಯ ತಾಯಿ ಎಷ್ಟೇ ರಕ್ತ ಕೊಟ್ಟರೂ ಹೊಂದಿಕೆ ಸಿಗದು. ಒಂದೇ ಗುಂಡಿಯಲ್ಲಿ ಬೆರೆತ ಮೂಳೆಗಳಲ್ಲಿ ಒಬ್ಬನ ಗುರುತು ಸಿಕ್ಕಿದರೆ ಪಕ್ಕದವನ ಗುರುತೂ ಸುಲಭವಾಗುತ್ತದೆ. ಹಾಗಾಗಿ ನನ್ನ ಮಗನ ವಿಷಯ ನನ್ನೊಬ್ಬಳದೇ ಎಂದು ಯಾವ ತಾಯಿಯೂ ಪೂರ್ತಿಯಾಗಿ ಹೇಳಲಾರಳು.

ನನಗೆ ತೋಚುವುದಿಷ್ಟು. ರಕ್ತ ಕೊಡುವುದು ಬೇರೆ, ಉತ್ತರ ಕೇಳಿಸಿಕೊಳ್ಳುವುದು ಬೇರೆ. ಮೊದಲನೆಯದು ಉಳಿದ ತಾಯಂದಿರ ಋಣ. ಬಲವಂತ ಸಲ್ಲದು, ಆದರೆ ಕೈಮುಗಿದು ಕೇಳಬಹುದು. ಎರಡನೆಯದನ್ನು ಯಾವಾಗ ಕೇಳಬೇಕು, ಎಷ್ಟು ಸಿಕ್ಕರೆ ಸಾಕು ಎಂಬುದು ಆಯಾ ಮನೆಯವರಿಗೆ ಬಿಟ್ಟದ್ದು. ಇದು ಆಗದ ಮಾತಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರ ನ್ಯೂಯಾರ್ಕಿನಲ್ಲಿ, ಅವಶೇಷ ಸಿಕ್ಕಾಗಲೆಲ್ಲ ತಿಳಿಸಬೇಕೇ ಬೇಡವೇ ಎಂದು ಕುಟುಂಬಗಳನ್ನೇ ಕೇಳಿದ್ದರು.

ಒಂದೇ ಮನೆಯಲ್ಲಿ ತಾಯಿ ಬೇಡವೆಂದು, ಸೊಸೆ ಬೇಕೆಂದರೆ? ತಾಯಿಗೆ ಅವನು ಬಂದಾನೆಂಬ ಆಸೆ. ಸೊಸೆಗೆ ಆಸ್ತಿಯ ಕಾಗದ, ಮಕ್ಕಳ ಶಾಲೆ, ಬಹುಶಃ ಇನ್ನೊಂದು ಮದುವೆ. ಆಗ ನಾನು ಸೊಸೆಗೆ ಉತ್ತರ ಕೊಡಿ ಎನ್ನುತ್ತೇನೆ. ತಾಯಿಯ ಮುಂದೆ ಅದನ್ನು ಓದಬೇಡಿ ಎಂದೂ ಹೇಳುತ್ತೇನೆ. ಒಂದೇ ಸೂರಿನಡಿ ಅದು ಎಷ್ಟು ದಿನ ನಡೆದೀತೋ, ಆ ಸೊಸೆಯೇ ಹೇಳಬೇಕು.