ಎರಡನೇ ಕೃಷ್ಣ

ತುಮಕೂರು ಸೀಮೆಯ ‘ಕುರುಕ್ಷೇತ್ರ’ ನಾಟಕದ ಕರಪತ್ರವನ್ನು ನಿಧಾನವಾಗಿ ಓದಿದರೆ ಅದರಲ್ಲಿ ಕೃಷ್ಣ ಒಬ್ಬನೇ ಇರುವುದಿಲ್ಲ. ಒಂದನೇ ಕೃಷ್ಣ, ಎರಡನೇ ಕೃಷ್ಣ, ಕೆಲವೊಮ್ಮೆ ಮೂರನೆಯವನೂ ಇರುತ್ತಾನೆ. ದುರ್ಯೋಧನನ ಪಾಲೂ ಹೀಗೆಯೇ ಹಂಚಿಹೋಗಿರುತ್ತದೆ. ಪಾತ್ರಕ್ಕೆ ಇಂತಿಷ್ಟೆಂದು ಹಣ ಕಟ್ಟಿ, ಹಾರ್ಮೋನಿಯಂ ಮೇಷ್ಟ್ರ ಎದುರು ರಾತ್ರಿ ರಾತ್ರಿ ಕೂತು ಪದ್ಯ ಕಲಿತವರೆಲ್ಲ ಬಣ್ಣ ಹಚ್ಚಲೇಬೇಕಲ್ಲ. ಸಂಧಾನದ ಸೀನಿಗೆ ಬಂದ ಕೃಷ್ಣ ಎತ್ತರದ ಆಳು, ಯುದ್ಧದ ಹೊತ್ತಿಗೆ ಬಂದವನು ಗಿಡ್ಡ, ದನಿಯೂ ಬೇರೆ. ಕೋರ ಹೋಬಳಿಯ ಯಾವುದೋ ಹಳ್ಳಿಯ ಗುಡಿ ಮುಂದಿನ ಅಟ್ಟದ ಮೇಲಾಗಲಿ, ತುಮಕೂರು ಪೇಟೆಯ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಾಗಲಿ, ಬೆಳಗಿನ ಜಾವದವರೆಗೆ ಕೂತ ಜನರಲ್ಲಿ ಒಬ್ಬರೂ ‘ಇವನು ಅವನಲ್ಲ’ ಎಂದು ಎದ್ದು ಹೋಗುವುದಿಲ್ಲ. ಸಂಧಾನದಲ್ಲಿ ಒಬ್ಬ ಕೃಷ್ಣ ಕೊಟ್ಟ ಮಾತನ್ನು ರಣರಂಗದಲ್ಲಿ ಇನ್ನೊಬ್ಬ ಕೃಷ್ಣ ನಡೆಸಿಕೊಡುತ್ತಾನೆ.

ಮುಖ ಬದಲಾದರೂ ಆಳು ಅದೇ ಎಂದು ಒಪ್ಪುವುದು ಹೇಗೆ ಎಂಬ ಪ್ರಶ್ನೆ 1966ರ ಅಕ್ಟೋಬರ್ 29ರ ಶನಿವಾರ ಸಂಜೆ ಬ್ರಿಟನ್ನಿನ ಟಿ.ವಿ. ನೋಡುಗರ ಎದುರಿಗೂ ಬಂದು ನಿಂತಿತು. ಬಿಬಿಸಿಯ ‘ಡಾಕ್ಟರ್ ಹೂ’ ಶುರುವಾದದ್ದು 1963ರ ನವೆಂಬರ್ 23ರಂದು. ನೀಲಿ ಪೊಲೀಸ್ ಪೆಟ್ಟಿಗೆಯಂತೆ ಕಾಣುವ ನೌಕೆಯಲ್ಲಿ ಕಾಲದಲ್ಲೂ ಅಂತರಿಕ್ಷದಲ್ಲೂ ಅಲೆಯುವ, ತನ್ನ ಹೆಸರು ಹೇಳದ ಒಬ್ಬ ಮುದುಕನ ಕಥೆ ಅದು. ಮೂರು ವರ್ಷ ಆ ಪಾತ್ರ ಮಾಡಿದ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಿತು. ಧಾರಾವಾಹಿ ನಿಲ್ಲಿಸುವ ಬದಲು ನಿರ್ಮಾಪಕ ಇನ್ನಿಸ್ ಲಾಯ್ಡ್ ಮತ್ತು ಸಂಗಡಿಗರು ಬದಲಾವಣೆಯನ್ನು ಕಥೆಯೊಳಗೇ ತಂದರು. ಮುದುಕ ಕುಸಿದು ಬಿದ್ದ, ಅವನ ಮುಖ ಬೆಳಕಿನಲ್ಲಿ ಕರಗಿತು, ಅಲ್ಲಿ ಮಲಗಿದ್ದವನು ಪ್ಯಾಟ್ರಿಕ್ ಟ್ರೌಟನ್.

ಮುಂದಿನ ವಾರದ ಕಥೆ ‘ದ ಪವರ್ ಆಫ್ ದ ಡಾಲೆಕ್ಸ್’. ಹಳೆಯ ಡಾಕ್ಟರನ ಉಂಗುರ ಹೊಸಬನ ಬೆರಳಿಗೆ ಸಡಿಲ. ಜೊತೆಗಾರರಲ್ಲಿ ಪಾಲಿ ನಂಬಲು ಸಿದ್ಧಳಿದ್ದಾಳೆ, ಬೆನ್ ನಂಬುವುದಿಲ್ಲ. ಅವನ ಅನುಮಾನ ಕರಗಿಸುವುದು ಡಾಕ್ಟರನ ಮಾತೂ ಅಲ್ಲ, ನೆನಪೂ ಅಲ್ಲ. ಡಾಲೆಕ್ ಎಂಬ ಹಳೆಯ ಶತ್ರು ಹೊಸ ಮುಖವನ್ನು ನೋಡಿದ ಕೂಡಲೇ ಡಾಕ್ಟರನ ಗುರುತು ಹಿಡಿಯುತ್ತದೆ. ಮಕ್ಕಳ ಧಾರಾವಾಹಿಯೆಂದು ಹೆಸರಾದ ಕಥೆಯೊಂದರಲ್ಲಿ ಇದು ತುಂಬ ಆಳದ ಸೂಚನೆ. ಒಬ್ಬ ಅದೇ ಒಬ್ಬನೆಂಬುದಕ್ಕೆ ಸಾಕ್ಷಿ ಅವನೊಳಗೆ ಸಿಗದಿದ್ದಾಗ, ಅವನೊಡನೆ ಲೆಕ್ಕ ಉಳಿಸಿಕೊಂಡವರ ಬಳಿ ಸಿಗುತ್ತದೆ.

ಈ ಕಥೆಯ ಆರು ಕಂತುಗಳಲ್ಲಿ ಒಂದೂ ಪೂರ್ತಿಯಾಗಿ ಉಳಿದಿಲ್ಲ. ಟೇಪು ದುಬಾರಿ, ಮರುಪ್ರಸಾರದ ಬೇಡಿಕೆ ಕಡಿಮೆ, ಇಡಲು ಜಾಗವಿಲ್ಲ ಎಂಬ ಕಾರಣಗಳಿಗೆ ಬಿಬಿಸಿ ತನ್ನ ಹಳೆಯ ಕಾರ್ಯಕ್ರಮಗಳನ್ನು ಅಳಿಸುತ್ತ ಬಂತು. ‘ಡಾಕ್ಟರ್ ಹೂ’ ಒಂದರದೇ 90ಕ್ಕೂ ಹೆಚ್ಚು ಕಂತುಗಳ ದೃಶ್ಯ ಇಂದಿಗೂ ಇಲ್ಲ. ಹಾರ್ಟ್‌ನೆಲ್ ಟ್ರೌಟನ್ ಆಗಿ ಮಾರ್ಪಡುವ ಕಂತೂ ಕಳೆದುಹೋಗಿದೆ. 1973ರಲ್ಲಿ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮ ಆ ಕೊನೆಯ ತುಣುಕನ್ನು ತೋರಿಸಿದ್ದರಿಂದ ಅಷ್ಟು ಮಾತ್ರ ದಕ್ಕಿತು. ಆದರೆ ಕಳೆದ ಕಂತುಗಳ ಧ್ವನಿ ಒಂದೂ ಬಿಡದೆ ಉಳಿದಿದೆ, ಉಳಿಸಿದವರು ಅಭಿಮಾನಿಗಳು. ಟಿ.ವಿ.ಯ ಸ್ಪೀಕರ್ ಮುಂದೆ ಮೈಕ್ ಹಿಡಿದು, ಮನೆಯವರೆಲ್ಲ ಸದ್ದು ಮಾಡದಂತೆ ನೋಡಿಕೊಂಡು, ಹುಡುಗರು ವಾರ ವಾರ ರೀಲ್ ಟೇಪಿಗೆ ಹಿಡಿದಿಟ್ಟದ್ದು. ಮುಂದೆ ಒಂದು ದಿನ ಸಂಸ್ಥೆಯ ಉಗ್ರಾಣಕ್ಕಿಂತ ತಮ್ಮ ಮನೆಯ ಕಪಾಟೇ ಭದ್ರವಾಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಆ ಪ್ರೀತಿಗೆ ಕೈಮುಗಿಯಬೇಕು.

ಅವರ ಪತ್ರ ವ್ಯವಹಾರ ಬೆಳೆದದ್ದು ಇದೇ ಕೊರತೆಯಿಂದ. ವಿಡಿಯೊ ಮನೆಗೆ ಬಂದಿರಲಿಲ್ಲ, ಹಳೆಯ ಕಂತು ಮತ್ತೆ ನೋಡುವ ದಾರಿ ಇರಲಿಲ್ಲ. ನೋಡಿದವರು ನೋಡದವರಿಗೆ ಬರೆದು ತಿಳಿಸಬೇಕು, ಕ್ಯಾಸೆಟ್ ನಕಲು ಮಾಡಿ ಅಂಚೆಗೆ ಹಾಕಬೇಕು. 1976ರಲ್ಲಿ ಡಾಕ್ಟರ್ ಹೂ ಅಪ್ರಿಸಿಯೇಶನ್ ಸೊಸೈಟಿ ಹುಟ್ಟಿತು, ಅದರ ‘ಸೆಲೆಸ್ಟಿಯಲ್ ಟಾಯ್‌ರೂಮ್’ ಪತ್ರಿಕೆ ಸದಸ್ಯರ ಕೈಸೇರತೊಡಗಿತು. ಅದೇ 1976 ಅವರಿಗೆ ದೊಡ್ಡ ಜಗಳವನ್ನೂ ಕೊಟ್ಟಿತು. ಜನವರಿಯಲ್ಲಿ ಬಂದ ‘ದ ಬ್ರೇನ್ ಆಫ್ ಮಾರ್ಬಿಯಸ್’ ಕಥೆ, ಮೊದಲನೆಯವನೆಂದು ಎಲ್ಲರೂ ನಂಬಿದ್ದ ಡಾಕ್ಟರನಿಗೂ ಹಿಂದೆ ಬೇರೆ ಮುಖಗಳಿದ್ದವೇನೋ ಎಂಬಂತೆ ತೋರಿಸಿತು. ವರ್ಷದ ಕೊನೆಯ ‘ದ ಡೆಡ್ಲಿ ಅಸಾಸಿನ್’ ಅವನ ಕುಲದವರಿಗೆ ಹನ್ನೆರಡು ಸಲ ಮಾತ್ರ ದೇಹ ಬದಲಿಸುವ ಶಕ್ತಿ ಎಂದು ಗೆರೆ ಎಳೆಯಿತು. ಎರಡನ್ನೂ ಒಟ್ಟಿಗೆ ನಂಬಿದರೆ ಲೆಕ್ಕ ಕೂಡುವುದಿಲ್ಲ. ಎರಡನೆಯ ಕಥೆಯ ಮೇಲೆ ಸೊಸೈಟಿಯ ಮುಖ್ಯಸ್ಥರೇ ಕಟುವಾದ ವಿಮರ್ಶೆ ಬರೆದರು, ಇದು ತಾವು ಬಲ್ಲ ಲೋಕವಲ್ಲವೆಂದು ನೊಂದರು. ಇವತ್ತು ಅದೇ ಕಥೆಯನ್ನು ಅಭಿಮಾನಿಗಳು ಶ್ರೇಷ್ಠವಾದವುಗಳ ಸಾಲಿನಲ್ಲಿ ಇಡುತ್ತಾರೆ.

ಹೊರಗಿನವರಿಗೆ ಇದು ಕೆಲಸವಿಲ್ಲದವರ ಚರ್ಚೆಯೆನಿಸಬಹುದು. ತುಮಕೂರಿನವರಿಗೆ ಹಾಗೆ ಅನಿಸಬೇಕಿಲ್ಲ, ಏಕೆಂದರೆ ಪರಂಪರೆಯ ಮಾತನ್ನು ಜೋಡಿಸುವ, ತಿದ್ದುವ, ಬಿಟ್ಟುಹೋದದ್ದನ್ನು ಸೇರಿಸುವ ಮಹಾಕಾರ್ಯವೊಂದು ಇದೇ ನೆಲದಲ್ಲಿ ನಡೆದಿದೆ. 12ನೇ ಶತಮಾನದ ಶರಣರ ವಚನಗಳನ್ನು ಮುನ್ನೂರು ವರ್ಷದ ನಂತರ ಸಂವಾದದ ರೂಪಕ್ಕೆ ಕಟ್ಟಿದ ‘ಶೂನ್ಯಸಂಪಾದನೆ’ ಒಂದಲ್ಲ, ನಾಲ್ಕು. ಮೊದಲನೆಯದು ಶಿವಗಣಪ್ರಸಾದಿ ಮಹಾದೇವಯ್ಯನವರದು, ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗದೇವ, ಕೊನೆಗೆ ತುಮಕೂರಿನ ಪಕ್ಕದ ಗೂಳೂರಿನ ಸಿದ್ಧವೀರಣ್ಣೊಡೆಯರು. ಮಹಾದೇವಯ್ಯನವರಲ್ಲಿ ಸೊನ್ನಲಿಗೆಯ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯಾಗುವ ಪ್ರಸಂಗವಿಲ್ಲ. ಇದು ಸಲ್ಲದೆಂದು ಹಲಗೆಯಾರ್ಯರು ಅದನ್ನು ತಂದು ಸೇರಿಸಿದರು. ದೀಕ್ಷೆಯಾಗದ ಸಿದ್ಧರಾಮ, ದೀಕ್ಷೆಯಾದ ಸಿದ್ಧರಾಮ ಇಬ್ಬರೂ ಒಬ್ಬರೇ? ವಿದ್ವಾಂಸರು ಇದನ್ನು ಇಂದಿಗೂ ಚರ್ಚಿಸುತ್ತಾರೆ. ಟಿ.ವಿ. ಧಾರಾವಾಹಿಯನ್ನೂ ವಚನ ಪರಂಪರೆಯನ್ನೂ ಸಮ ತೂಗುವ ಮಾತಲ್ಲ ಇದು. ಒಂದು ಮನೋರಂಜನೆ, ಇನ್ನೊಂದು ಬದುಕಿನ ದಾರಿ. ಆದರೆ ಪ್ರೀತಿಸಿದ್ದನ್ನು ಮುಂದಿನವರಿಗೆ ದಾಟಿಸುವವರು ಅದನ್ನು ಸುಮ್ಮನೆ ಹೊತ್ತು ತರುವುದಿಲ್ಲ, ಅದರ ಗುರುತಿಗೆ ಹೊಣೆಯಾಗುತ್ತಾರೆ. ಗೂಳೂರಿನ ಒಡೆಯರ ಸಂಕಲನದ ಹಿಂದೆ ಇರುವುದು ಆ ಹೊಣೆ.

ಆ ಸಂಪಾದನೆಯ ನಡುವೆ ಇರುವ ಶೂನ್ಯಸಿಂಹಾಸನವೂ ಇದೇ ಪ್ರಶ್ನೆಯನ್ನು ಎತ್ತುತ್ತದೆ. ಮೊದಲು ಅಲ್ಲಮ, ಆಮೇಲೆ ಚೆನ್ನಬಸವಣ್ಣ, ಸಿದ್ಧರಾಮ ಎಂದು ಸಾಗಿ, ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಸಮಾಧಿಸ್ಥರಾದ ತೋಂಟದ ಸಿದ್ಧಲಿಂಗ ಯತಿಗಳವರೆಗೆ ಆ ಪೀಠದ ಸಾಲನ್ನು ಪರಂಪರೆ ಹೇಳುತ್ತದೆ. ಪೀಠ ಒಂದು, ಕೂತವರು ಹಲವರು. ಒಬ್ಬರು ಇನ್ನೊಬ್ಬರ ಮರುಹುಟ್ಟು ಎಂದು ಯಾರೂ ಹೇಳುವುದಿಲ್ಲ. ಲಿಂಗೈಕ್ಯನಾದವನಿಗೆ ಮತ್ತೆ ಭವವಿಲ್ಲ ಎಂಬುದು ಅಲ್ಲಿನ ನಿಲುವು. ತುಮಕೂರಿನ ಸಿದ್ಧಗಂಗೆ ಮಠದಲ್ಲಿ 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಅತ್ತ ಲಕ್ಷಾಂತರ ಜನ, ಮರುದಿನ ಅವರು ಬೇರೊಂದು ದೇಹದಲ್ಲಿ ಬರುತ್ತಾರೆಂದು ಕಾಯಲಿಲ್ಲ. ಸಾವಿರಾರು ಮಕ್ಕಳ ಊಟ, ಪಾಠ, ವಸತಿ ಅವರ ಉತ್ತರಾಧಿಕಾರಿ ಸಿದ್ಧಲಿಂಗ ಸ್ವಾಮೀಜಿಯವರ ಹೊಣೆಯಲ್ಲಿ ಮುಂದುವರಿಯಿತು. ಆತ್ಮ ದಾಟಿ ಬರಲಿಲ್ಲ, ದಾಸೋಹದ ಮಾತು ದಾಟಿ ಬಂತು.

ಬೌದ್ಧರು ಈ ಗಂಟನ್ನು ಇನ್ನೊಂದು ತುದಿಯಿಂದ ಬಿಚ್ಚಿದ್ದಾರೆ, ಮತ್ತು ಅದು ‘ಡಾಕ್ಟರ್ ಹೂ’ ಒಳಗೇ ಬಂದಿದೆ. 1970ರಿಂದ 1974ರವರೆಗೆ ನಿರ್ಮಾಪಕರಾಗಿದ್ದ ಬ್ಯಾರಿ ಲೆಟ್ಸ್ ಬೌದ್ಧಧರ್ಮದಲ್ಲಿ ನಂಬಿಕೆಯಿದ್ದವರು. ಅವರು ರಾಬರ್ಟ್ ಸ್ಲೋಮನ್ ಜೊತೆ ರೂಪಿಸಿದ ‘ಪ್ಲಾನೆಟ್ ಆಫ್ ದ ಸ್ಪೈಡರ್ಸ್’ 1974ರ ಮೇ–ಜೂನಿನಲ್ಲಿ ಪ್ರಸಾರವಾಯಿತು. ಡಾಕ್ಟರನ ಈ ಮಾರ್ಪಾಡಿಗೆ ಇಂದಿಗೂ ಬಳಸುವ ‘ರೀಜನರೇಶನ್’ ಎಂಬ ಹೆಸರು ಮೊದಲು ಕೇಳಿದ್ದು ಈ ಕಥೆಯಲ್ಲಿ. ಡಾಕ್ಟರ್ ಹಿಂದೊಮ್ಮೆ ಜ್ಞಾನದ ಆಸೆಗೆ ಒಂದು ಗ್ರಹದಿಂದ ನೀಲಿ ಹರಳು ಎತ್ತಿಕೊಂಡು ಬಂದಿದ್ದ. ಅದನ್ನು ಹಿಂದಿರುಗಿಸದೆ ಬೇರೆ ದಾರಿಯಿಲ್ಲ, ಹಿಂದಿರುಗಿಸಿದರೆ ಸಾವು. ಅವನನ್ನು ಈ ಸತ್ಯದ ಎದುರು ನಿಲ್ಲಿಸುವವರು ಇಂಗ್ಲೆಂಡಿನ ಧ್ಯಾನಕೇಂದ್ರವೊಂದರ ಟಿಬೆಟನ್ ಗುರು. ಆ ಗುರುವೂ ಡಾಕ್ಟರನ ಕುಲದವರೇ, ಅವರೂ ಸತ್ತು ಶಿಷ್ಯನ ರೂಪದಲ್ಲಿ ಏಳುತ್ತಾರೆ. ಡಾಕ್ಟರ್ ಹೋಗಿ ಸಾಲ ತೀರಿಸುತ್ತಾನೆ, ಜಾನ್ ಪರ್ಟ್ವಿಯ ಮುಖ ಟಾಮ್ ಬೇಕರ್ ಆಗುತ್ತದೆ.

ಬೌದ್ಧ ಭಿಕ್ಷು ನಾಗಸೇನನನ್ನು ಮಿಲಿಂದ ರಾಜ ಕೇಳಿದ್ದೂ ಇದನ್ನೇ. ಮರುಹುಟ್ಟುವವನು ಅದೇ ಮನುಷ್ಯನೋ ಬೇರೆಯವನೋ? ಅದೇ ಅಲ್ಲ, ಬೇರೆಯೂ ಅಲ್ಲ ಎಂಬುದು ಭಿಕ್ಷುವಿನ ಉತ್ತರ. ರಾತ್ರಿಯ ಮೊದಲ ಜಾವದ ದೀಪದ ಉರಿ ಕೊನೆಯ ಜಾವದ ಉರಿಯಲ್ಲ, ಆದರೂ ಇಡೀ ರಾತ್ರಿ ಬೆಳಗಿದ್ದು ಆ ದೀಪವೇ. ಅಲ್ಲಿಂದ ಇಲ್ಲಿಗೆ ದಾಟುವ ವಸ್ತು ಇಲ್ಲ, ಆದರೆ ಮಾಡಿದ ಕರ್ಮದ ಫಲ ತಪ್ಪುವುದಿಲ್ಲ. ಲೆಟ್ಸ್ ಅವರ ಕಥೆಯಲ್ಲಿ ಹರಳು ಹಿಂದಿರುಗುವುದಕ್ಕೂ ಮುಖ ಬದಲಾಗುವುದಕ್ಕೂ ಇರುವ ನಂಟು ಇದು.

ಮರುಹುಟ್ಟಿನ ಈ ನಂಬಿಕೆ ಕನ್ನಡನಾಡಿಗೆ ದೂರದ್ದಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನಮ್ಡ್ರೋಲಿಂಗ್ ಮಠವನ್ನು 1963ರಲ್ಲಿ ಕಟ್ಟಲು ತೊಡಗಿದ ಪೆನೊರ್ ರಿನ್‌ಪೊಚೆ 2009ರಲ್ಲಿ ತೀರಿಕೊಂಡರು. ಅವರ ಪುನರವತಾರವೆಂದು ಗುರುತಿಸಿದ ಬಾಲಕನನ್ನು 2014ರಲ್ಲಿ ಅದೇ ಮಠದ ಪೀಠಕ್ಕೆ ಏರಿಸಲಾಯಿತು. ಹೀಗೆ ಹುಡುಕುವಾಗ ಹಳೆಯ ಗುರುವಿನ ಜಪಮಾಲೆ, ಬಟ್ಟಲುಗಳನ್ನು ಬೇರೆ ವಸ್ತುಗಳ ಜೊತೆ ಮಗುವಿನ ಮುಂದಿಟ್ಟು ನೋಡುವುದು ಟಿಬೆಟನ್ನರ ಹಳೆಯ ರೂಢಿ. ಮಗು ಆರಿಸುತ್ತದೆ, ಆದರೆ ಹೌದೆನ್ನುವವರು ಗುರುವನ್ನು ಬಲ್ಲವರು. ಪೀಠವೇರಿದ ಮಗುವಿಗೆ ಅಧಿಕಾರಕ್ಕಿಂತ ಮೊದಲು ಸಿಗುವುದು ಹಿಂದಿನವರು ಅರ್ಧಕ್ಕೆ ಬಿಟ್ಟ ಕೆಲಸ.

ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ತನ್ನ ಪ್ರಬಂಧದ ಎರಡನೇ ಆವೃತ್ತಿಗೆ ಗುರುತಿನ ವಿಷಯದ ಅಧ್ಯಾಯವೊಂದನ್ನು ಸೇರಿಸಿದ. ಗುರುತು ನಿಲ್ಲುವುದು ದೇಹದ ಮೇಲಲ್ಲ, ನೆನಪಿನ ಮೇಲೆ ಎಂದ. ಜೊತೆಗೆ, ಮನುಷ್ಯನನ್ನು ‘ಅವನೇ’ ಎಂದು ಕರೆಯುವುದು ಕೊನೆಗೆ ಹೊಗಳಿಕೆ, ಶಿಕ್ಷೆ, ಹೊಣೆಗಾರಿಕೆಗಾಗಿ ಎಂದೂ ಹೇಳಿದ. ಲಾಕ್‌ನ ಓದುಗರು ಹೆಚ್ಚಾಗಿ ಹಿಡಿದದ್ದು ನೆನಪಿನ ಮಾತನ್ನು. ಹೆಚ್ಚು ಗಟ್ಟಿಯಾದದ್ದು ಎರಡನೆಯದು. ಹಿಂದಿನವನ ಸಾಲ ಯಾರು ತಮ್ಮದೆಂದು ಹೊರುತ್ತಾರೋ, ಹಿಂದಿನವನ ಮಾತನ್ನು ಯಾರಿಂದ ಕೇಳಲು ನಮಗೆ ಹಕ್ಕಿದೆಯೋ, ಅವರನ್ನೇ ಅಲ್ಲವೇ ನಾವು ಅದೇ ಮನುಷ್ಯ ಎನ್ನುವುದು? ಡಾಲೆಕ್ ಗುರುತು ಹಿಡಿದದ್ದೂ, ಎರಡನೇ ಕೃಷ್ಣನನ್ನು ಪಾಂಡವರು ನಂಬುವುದೂ ಈ ಲೆಕ್ಕದಲ್ಲಿ ಸರಿಹೋಗುತ್ತದೆ.

ಆದರೆ ಸರಿಹೋಗದ ಒಂದು ಸಂಗತಿ ಉಳಿಯುತ್ತದೆ. ‘ದ ತ್ರೀ ಡಾಕ್ಟರ್ಸ್’ ಎಂಬ ಹತ್ತನೆಯ ವರ್ಷದ ಕಥೆಗೆ, 1972ರ ಕೊನೆಯಲ್ಲಿ, ಹಾರ್ಟ್‌ನೆಲ್ ಮರಳಿ ಬಂದರು. ಕಾಯಿಲೆ ಎಷ್ಟಿತ್ತೆಂದರೆ ಕೂತ ಕಡೆಯೇ ಬರೆದಿಟ್ಟ ಸಾಲು ಓದಿಸಿ ಚಿತ್ರೀಕರಿಸಿದರು. ಎರಡನೇ ಮೂರನೇ ಡಾಕ್ಟರರು ಜಗಳವಾಡುತ್ತಿದ್ದರೆ ಪರದೆಯೊಳಗಿನಿಂದ ಮೊದಲನೆಯವನು ಇಬ್ಬರನ್ನೂ ಗದರಿಸುತ್ತಾನೆ. 1975ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಡಾಕ್ಟರ್ ಸಾಯಲಿಲ್ಲ, ಹಾರ್ಟ್‌ನೆಲ್ ಸತ್ತರು. ಸಾಲ, ಮಾತು, ಹೊಣೆ ಎಲ್ಲವನ್ನೂ ಮುಂದಿನವನಿಗೆ ದಾಟಿಸಬಹುದು, ಆ ಮುಖವನ್ನು ದಾಟಿಸಲಾಗದು. ಸಿದ್ಧಗಂಗೆಯಲ್ಲಿ ಅತ್ತವರು ದಾಸೋಹ ನಿಲ್ಲುತ್ತದೆಂದು ಅತ್ತವರಲ್ಲ. ಯಾವ ಸಿದ್ಧಾಂತವೂ ಆ ಅಳುವನ್ನು ತಪ್ಪೆನ್ನಬಾರದು. ಪರಂಪರೆ ಮುಂದುವರಿದಿದೆ ಎನ್ನುವುದೂ ಒಬ್ಬ ಮನುಷ್ಯ ಇನ್ನಿಲ್ಲ ಎನ್ನುವುದೂ ಏಕಕಾಲಕ್ಕೆ ನಿಜ, ಒಂದು ಇನ್ನೊಂದಕ್ಕೆ ಸಮಾಧಾನವಾಗುವುದಿಲ್ಲ.

ಅಭಿಮಾನಿಗಳ ನಡುವೆ 2023ರ ಡಿಸೆಂಬರಿನಲ್ಲಿ ಇನ್ನೊಂದು ವಾದ ಎದ್ದಿತು. ‘ದ ಗಿಗಲ್’ ಕಥೆಯಲ್ಲಿ ಡೇವಿಡ್ ಟೆನಂಟ್ ಮುಖದ ಡಾಕ್ಟರ್ ಸಾಯುವ ಬದಲು ಎರಡಾಗಿ ಸೀಳಿಕೊಂಡ. ಹೊಸಬ ಶೂಟಿ ಗಾಟ್ವಾ ಪಕ್ಕದಲ್ಲೇ ನಿಂತ, ಹಳಬನೂ ಉಳಿದ. ಇದು ನಿಯಮ ಮುರಿದದ್ದು, ಇಬ್ಬರೂ ಒಬ್ಬನಾಗಲು ಸಾಧ್ಯವಿಲ್ಲ ಎಂದು ಹಲವರು ಸಿಟ್ಟಾದರು. ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರ ಪುಸ್ತಕದಲ್ಲಿ, ಮನುಷ್ಯನನ್ನು ಅಳಿಸಿ ಬೇರೆಡೆ ಮತ್ತೆ ಕಟ್ಟುವ ಯಂತ್ರ ಕೆಟ್ಟು ಇಬ್ಬರು ಉಳಿದರೇನು ಎಂಬ ಒಗಟು ಒಡ್ಡಿದ್ದರು, ‘ಯಾರು ಅವನು’ ಎಂಬುದು ನಾವಂದುಕೊಂಡಷ್ಟು ಮುಖ್ಯವಲ್ಲ ಎಂದು ವಾದಿಸಿದ್ದರು, ಬುದ್ಧನೂ ಒಪ್ಪುತ್ತಿದ್ದನೆಂದು ಅನುಬಂಧದಲ್ಲಿ ಬರೆದಿದ್ದರು. ಟಿಬೆಟನ್ನರಿಗೆ ಇದು ಒಗಟೂ ಅಲ್ಲ. 1892ರಲ್ಲಿ ತೀರಿಕೊಂಡ ಗುರು ಜಮ್ಯಾಂಗ್ ಖ್ಯೆಂತ್ಸೆ ವಾಂಗ್ಪೊ ಅವರ ಪುನರವತಾರಗಳೆಂದು ದೇಹ, ಮಾತು, ಮನಸ್ಸು ಎಂಬ ಬೇರೆ ಬೇರೆ ಮುಖಗಳಿಗೆ ಹಲವರನ್ನು ಗುರುತಿಸಿದ್ದಾರೆ, ಅವರೆಲ್ಲರಿಗೂ ಕೆಲಸವಿತ್ತು. ‘ದ ಗಿಗಲ್’ ಕೂಡ ಕೆಲಸ ಹಂಚಿತು. ಯುದ್ಧಗಳ ನೋವು ಹೊತ್ತು ಬಳಲಿದ ಹಳಬ ಗೆಳತಿ ಡೊನಾಳ ಮನೆಯವರೊಂದಿಗೆ ಉಳಿದು ಸುಧಾರಿಸಿಕೊಳ್ಳುತ್ತಾನೆ, ಹೊಸಬ ನೀಲಿ ಪೆಟ್ಟಿಗೆ ಏರಿ ಹೊರಡುತ್ತಾನೆ. ಹೊಸಬನ ಹಗುರಕ್ಕೆ ಕಾರಣ ಹಳಬ ಪಡೆದ ವಿಶ್ರಾಂತಿ ಎಂದು ಕಥೆಯೇ ಹೇಳುತ್ತದೆ. ಹಾಗಾದರೆ ಅವರಿಬ್ಬರ ನಡುವೆ ಸಾಲ ಕೊಟ್ಟವನು ಯಾರು, ಪಡೆದವನು ಯಾರು ಎಂಬುದೇ ಈಗ ಬಿಡಿಸಬೇಕಾದ ಲೆಕ್ಕ.